ಮೂರು ಕಿರೀಟದ ಬಿಲ್ಲೆ

ಸುಳ್ಳುಗಾರನೆಂದು ನಾನೇ ತಿಳಿದಿದ್ದ ನನ್ನ ಅಪ್ಪನಿಗೆ,

ಹೋದ ತಿಂಗಳು ಆ ಬೆಳ್ಳಿ ಬಿಲ್ಲೆ ಮತ್ತೆ ನನ್ನ ಅಂಗೈಗೆ ಬಂತು. ಹೌದು, ಅದೇ. ನಮ್ಮೂರು ಖಟಕ ಚಿಂಚೋಳಿಯಲ್ಲಿ ವಾಡೆಯ ಧಣಿ ನಿನ್ನ ಕಣ್ಣೆದುರೇ ಕಸಿದುಕೊಂಡು ಹೋದದ್ದು. ಬೀದರಿನಲ್ಲಿ ನಾನು ಕಪ್ಪು ಲೋಹಕ್ಕೆ ಬೆಳ್ಳಿ ತಂತಿ ಕೂಡಿಸುವ ಬಿದರಿ ಕೆಲಸ ಮಾಡುವ ಅಂಗಡಿಗೆ ಅದೇ ಧಣಿಯ ಮೊಮ್ಮಗ ಅದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಂದಿದ್ದ. ನಾನು ಯಾರ ಮಗಳೆಂದು ಅವನಿಗೆ ಗೊತ್ತಿರಲಿಲ್ಲ. "ಅಕ್ಕಾರ, ನಿಜಾಮರು ನಮ್ಮ ಮುತ್ತಜ್ಜಗ ಕೊಟ್ಟ ಪದಕರಿ ಇದು. ಒಂದು ಬಿದರಿ ಚೌಕಟ್ಟು ಮಾಡಿಕೊಡ್ರಿ. ಕೆಳಗ ಬೆಳ್ಳಿ ತಂತಿಲೆ ನಿಜಾಮರ ಹೆಸರು ಕೂಡಿಸ್ರಿ," ಅಂದ. ಅಂಚಿನಲ್ಲಿದ್ದ ತಗ್ಗು ಕಂಡ ಕೂಡಲೇ ಗುರುತು ಹಿಡಿದೆ.

ಆ ತಗ್ಗು ಮಾಡಿದವಳು ನಾನೇ ಅಲ್ಲವೇ? ಆರು ವರ್ಷದವಳಿದ್ದಾಗ ಟ್ರಂಕಿನಿಂದ ಕದ್ದು ತಂದು, ಅಂಗಳದ ಕಲ್ಲಿನ ಮೇಲೆ ಕುಂಟಾಬಿಲ್ಲೆ ಆಡಿದ್ದೆ. ನೀನು ಜೀವಮಾನದಲ್ಲಿ ನನಗೆ ಹೊಡೆದದ್ದು ಅದೊಂದೇ ಸಲ. ಆಮೇಲೆ ನೀನೇ ಅತ್ತು, ತೊಡೆಯ ಮೇಲೆ ಕೂರಿಸಿಕೊಂಡು ಕಥೆ ಹೇಳಿದೆ. ಔರಾದ್ ಕಡೆಯ ಹಳ್ಳಿಗಳಲ್ಲಿ ಔಷಧಿ ಹಂಚುತ್ತಿದ್ದ ಬಿಳಿ ನರ್ಸಮ್ಮನ ಬಂಡಿಯನ್ನು ನಮ್ಮಜ್ಜ ಹೊಡೆಯುತ್ತಿದ್ದದ್ದು, ಆಕೆ ಸ್ವೀಡನ್ನಿಗೆ ವಾಪಸು ಹೋಗುವಾಗ ತನ್ನ ಅಪ್ಪನ ಪದಕವನ್ನೇ ಅವನ ಕೈಗಿಟ್ಟದ್ದು. "ಇದರ ಮ್ಯಾಲ ಮೂರು ಕಿರೀಟ ಅವ ನೋಡವ್ವ, ಅದೇ ಆ ದೇಶದ ಗುರ್ತು," ಎಂದಿದ್ದೆ. ನನಗೆ ಒಂದು ಕಿರೀಟವೂ ಕಾಣಲಿಲ್ಲ.

ಹೇಗೆ ಕಾಣಬೇಕಿತ್ತು, ಅಪ್ಪಾ? ಪ್ರತಿ ವರ್ಷ ಬಾಬಾಸಾಹೇಬರ ಜಯಂತಿಯ ಮುಂಜಾನೆ ನೀನು ಅದನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ, ಫಳಫಳ ಹೊಳೆಯಿಸಿ ಫೋಟೋದ ಮುಂದೆ ಇಡುತ್ತಿದ್ದೆ. ನಿನಗಿಂತ ಮೊದಲು ಅಜ್ಜನೂ ದೀಪಾವಳಿಗೆ ಹಾಗೆಯೇ ತಿಕ್ಕುತ್ತಿದ್ದನಂತೆ. ಅದರ ಮೇಲಿದ್ದ ರಾಜನ ಮೂಗು ಹೋಯಿತು, ಗಡ್ಡ ಹೋಯಿತು, ಸುತ್ತಲಿನ ಅಕ್ಷರ ಹೋದವು. ನಿನ್ನ ಸಾಕ್ಷಿಯನ್ನು ನೀನೇ ಪ್ರೀತಿಯಿಂದ ತಿಕ್ಕಿ ತಿಕ್ಕಿ ಅಳಿಸಿದೆ. ಈಗ ಯಾರಾದರೂ ಹಳೆಯ ಬೆಳ್ಳಿ ತಂದು ಹೊಳಪು ಮಾಡಿಕೊಡಿ ಎಂದರೆ ನನಗೆ ಸಿಟ್ಟು ಬರುತ್ತದೆ.

ಆ ಆಗಸ್ಟ್ ಹದಿನೈದು ನಿನಗೆ ನೆನಪಿರಲೇಬೇಕು. ಒಂಬತ್ತು ವರ್ಷದ ನಾನು ಬಿಲ್ಲೆಯನ್ನು ಕೆಂಪು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡು ಶಾಲೆಗೆ ಹೋಗಿದ್ದೆ. ಧ್ವಜ ಏರಿಸಲು ಬಂದಿದ್ದ ಧಣಿ ಅದನ್ನು ನೋಡಿ, "ಇದು ನಮ್ಮ ವಾಡೇದು! ಎಷ್ಟು ದಿನದಿಂದ ಹುಡುಕ್ಲಿಕತ್ತೀವಿ," ಎಂದು ಕೂಗಿದ. ಅವನ ಎತ್ತು ನೋಡಿಕೊಳ್ಳುತ್ತಿದ್ದ ನಿನ್ನನ್ನು ಕರೆಸಿದರು. "ಇಲ್ರಿ ಧಣಿ, ಸ್ವೀಡನ್ ಅನ್ನೋ ದೇಶದ ನರ್ಸಮ್ಮ ನಮ್ಮಪ್ಪಗ ಕೊಟ್ಟಾಳ್ರಿ," ಎಂದೆ ನೀನು. "ಬಂಡಿ ಹೊಡಿಯವಗ ಯಾವ ದೇಶದಾಕಿ ರಾಜನ ಪದಕ ಕೊಡ್ತಾಳಲೇ?" ಎಂದ ಅವನು. ಇಡೀ ಮೈದಾನ ನಕ್ಕಿತು.

ಆಗ ಹೆಡ್ ಮಾಸ್ತರರು ನನ್ನ ಕಡೆ ಬಾಗಿ ಕೇಳಿದರು: "ನಿಮ್ಮ ಮನ್ಯಾಗ ಯಾವಾಗಿಂದ ಅದವ್ವ ಇದು? ಹೆದರಬ್ಯಾಡ, ಹೇಳು." ನೀನು ನನ್ನನ್ನೇ ನೋಡುತ್ತಿದ್ದೆ. ಒಂದು ಮಾತು ಸಾಕಿತ್ತು. ಕುಂಟಾಬಿಲ್ಲೆ ಆಡಿದ್ದು, ತಗ್ಗು ಬಿದ್ದದ್ದು, ನೀನು ಹೊಡೆದದ್ದು... ಹೇಳದೆ ತಂದದ್ದಕ್ಕೆ ಮತ್ತೆ ಹೊಡೆಯುತ್ತೀ ಎಂದು ಹೆದರಿ ನಾನು ನೆಲ ನೋಡುತ್ತ ನಿಂತೆ. ಅಷ್ಟೇ. ಬಿಲ್ಲೆ ವಾಡೆಗೆ ಹೋಯಿತು, ನಿನಗೆ ಕಳ್ಳನ ಹೆಸರು ಬಂತು, ಕೆಲಸ ಹೋಯಿತು. ಬೀದರಿಗೆ ಬಂದು ಗಂಜ್ ಮಾರುಕಟ್ಟೆಯಲ್ಲಿ ಮೂಟೆ ಹೊತ್ತು ಸವೆದೆ. ಸಾಯುವವರೆಗೂ ನೀನು ನನ್ನನ್ನು ಒಂದು ಮಾತೂ ಕೇಳಲಿಲ್ಲ. ಯಾಕೆ ಕೇಳಲಿಲ್ಲ? ಬೈದಿದ್ದರೂ ನನಗೆ ಇಷ್ಟು ಉರಿಯುತ್ತಿರಲಿಲ್ಲ.

ಇನ್ನೂ ಕೆಟ್ಟದ್ದನ್ನು ಬರೆಯಬೇಕಿದೆ. ದೊಡ್ಡವಳಾದ ಮೇಲೆ ನಾನೂ ಆ ಧಣಿಯ ಲೆಕ್ಕದಲ್ಲೇ ಯೋಚಿಸಿದೆ. ಬಂಡಿ ಹೊಡೆಯುವವನಿಗೆ ರಾಜನ ಪದಕ ಯಾರು ಕೊಡುತ್ತಾರೆ? ಅಜ್ಜನೋ ಅಪ್ಪನೋ ಎತ್ತಿಕೊಂಡೇ ಬಂದಿರಬೇಕು, ಅಂದುಕೊಂಡೆ. ನಿನ್ನನ್ನು ಮಣ್ಣು ಮಾಡಿದ ದಿನವೂ ಹಾಗೇ ಅಂದುಕೊಂಡಿದ್ದೆ.

ಮೊಮ್ಮಗ ಬಿಲ್ಲೆ ಬಿಟ್ಟು ಹೋದ ಮೇಲೆ ತಂತಿ ಕೂಡಿಸುವಾಗ ಬಳಸುವ ಭೂತಗನ್ನಡಿ ತೆಗೆದೆ. ಬಿಸಿಲಿಗೆ ಓರೆಯಾಗಿ ಹಿಡಿದಾಗ ಸವೆದ ಅಕ್ಷರಗಳ ನೆರಳು ಎದ್ದಿತು. ಹುಣಸೆಹಣ್ಣು ಮುಟ್ಟದ ಅಂಚಿನ ಸಂದಿಯಲ್ಲಿ, ಎಳ್ಳಿನಷ್ಟು ಚಿಕ್ಕ ಮುದ್ರೆ. ಅದರೊಳಗೆ ಮೂರು ಕಿರೀಟ. ಅಪ್ಪಾ, ಮೂರು! ಅಂಗಡಿಯಲ್ಲೇ ಬಾಯಿಗೆ ಸೆರಗು ಒತ್ತಿಕೊಂಡು ಅತ್ತೆ. ಇತಿಹಾಸ ಕಲಿಸಿ ನಿವೃತ್ತರಾದ ಮೇಷ್ಟ್ರೊಬ್ಬರಿಗೆ ಫೋಟೋ ಕಳಿಸಿದೆ. ಅವರು ಹಳೆಯ ಪದಕಗಳ ಚಿತ್ರಗಳೊಂದಿಗೆ ಒಂದೊಂದೇ ಅಕ್ಷರ ತಾಳೆ ನೋಡಿ ಫೋನ್ ಮಾಡಿದರು. "ಇದು ಸ್ವೀಡನ್ನಿಂದೇ ಅದವ್ವ. ಅಲ್ಲಿನ ರಾಜ ಪಟ್ಟಕ್ಕ ಬಂದು ಇಪ್ಪತ್ತೈದು ವರ್ಷ ಆದ ನೆನಪಿಗೆ ಹೊಡಿಸಿದ್ದು. ನಿಜಾಮರಿಗೂ ಇದಕ್ಕೂ ಏನೂ ಸಂಬಂಧ ಇಲ್ಲ." ವಾಡೆಯವರು ಮೂವತ್ತು ವರ್ಷ ಇದನ್ನು ಗಾಜಿನ ಕಪಾಟಿನಲ್ಲಿಟ್ಟು ಬಂದವರಿಗೆಲ್ಲ ತೋರಿಸಿದ್ದಾರೆ. ಅಂಚು ತಿರುಗಿಸಿ ನೋಡುವ ಪುರಸೊತ್ತು ಒಬ್ಬರಿಗೂ ಆಗಲಿಲ್ಲ.

ನಿನ್ನೆ ಮೊಮ್ಮಗ ಬಂದಾಗ ಎಲ್ಲ ಹೇಳಿದೆ, ನಿನ್ನ ಹೆಸರು ಹಿಡಿದು. ಭೂತಗನ್ನಡಿ ಅವನ ಕೈಗೇ ಕೊಟ್ಟೆ. ಬಹಳ ಹೊತ್ತು ನೋಡಿದ. ಹೊರಗೆ ಹೋಗಿ ಮನೆಗೆ ಫೋನ್ ಹಚ್ಚಿ ಮಾತಾಡಿ ಬಂದು, "ಬಿಲ್ಲೆ ನೀವೇ ಇಟ್ಕೊಳ್ರಿ ಅಕ್ಕಾರ. ಊರಾಗ ಮಾತ್ರ ಬಾಯಿ ಬಿಡಬ್ಯಾಡ್ರಿ, ನಮ್ಮ ಅಜ್ಜಂದು ಹೆಸರು ಅದ," ಎಂದ. ನೋಡು ಅಪ್ಪಾ, ಅವರಜ್ಜನಿಗೆ ಹೆಸರಿದೆಯಂತೆ.

ಬಿಲ್ಲೆ ಇಟ್ಟುಕೊಂಡಿದ್ದೇನೆ, ಬಾಯಿ ಮುಚ್ಚಿಕೊಂಡಿರುತ್ತೇನೆಂದು ಹೇಳಿಲ್ಲ. ಈ ಆಗಸ್ಟ್ ಹದಿನೈದಕ್ಕೆ, ಹಿಂದಿನ ರಾತ್ರಿಯೇ ಭಾಲ್ಕಿಗೆ ಹೋಗಿ, ಅಲ್ಲಿಂದ ಮುಂಜಾನೆಯ ಮೊದಲ ಬಸ್ಸಿಗೆ ಖಟಕ ಚಿಂಚೋಳಿಗೆ ಹೋಗುತ್ತೇನೆ. ಬಿಲ್ಲೆಯನ್ನು ತಿಕ್ಕುವುದಿಲ್ಲ. ಕೆಂಪು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡು ಅದೇ ಧ್ವಜದ ಕಂಬದ ಹತ್ತಿರ ನಿಲ್ಲುತ್ತೇನೆ. ಅವತ್ತಿನ ಹೆಡ್ ಮಾಸ್ತರರಿಲ್ಲ, ಧಣಿಯಿಲ್ಲ, ನೀನೂ ಇಲ್ಲ. ಇರುವವರಿಗೇ ಹೇಳುತ್ತೇನೆ: "ನಮ್ಮ ಮನ್ಯಾಗ ಯಾವಾಗಿಂದ ಅದ ಅಂತ ಕೇಳಿದ್ರಿ. ನಾ ಹುಟ್ಟೋಕಿನ್ನ ಮೊದಲಿಂದ ಅದರಿ. ನನಗ ಅವತ್ತೇ ಗೊತ್ತಿತ್ರಿ."

ನಿನ್ನ ಮಗಳು,
ಗೌತಮಿ