ಹಡಗು ಹತ್ತಿದ ತಪ್ಪು ಲೆಕ್ಕಗಳು

ತಮ್ಮ ಮಹಾಶಯನಿಗೆ ಅಕ್ಕನ ದೊಡ್ಡ ನಮಸ್ಕಾರ!

ನಮ್ಮ ಕಾಲೇಜಿನವರು ಒಟ್ಟುಮಾಡಿ ಹಡಗಿನಲ್ಲಿ ಕಳಿಸಿದ್ದ ಹಳೆಯ ಪಠ್ಯಪುಸ್ತಕಗಳು ನಾನು ಈ ದ್ವೀಪಕ್ಕೆ ಬರುವ ಮೊದಲೇ ಇಲ್ಲಿನ ಶಾಲೆ ಸೇರಿವೆ. ನಿನ್ನ ಗಣಿತದ ಪುಸ್ತಕವೂ ಅವುಗಳಲ್ಲಿದೆ. ಬೇರೆಯವರ ಪೆನ್ಸಿಲ್ ಗೀಟನ್ನೆಲ್ಲ ರಬ್ಬರಿನಲ್ಲಿ ಉಜ್ಜಿ ಅಳಿಸಿದ್ದೆವು. ನೀನೋ, ಉತ್ತರಗಳನ್ನು ಪೆನ್ನಿನಲ್ಲೇ ಗೀಚಿದ ಧೀರ! ನಾಚಿಕೆಯಾಗಿ ಇಲ್ಲಿನ ಗಣಿತದ ಮೇಷ್ಟ್ರ ಹತ್ತಿರ ಕ್ಷಮೆ ಕೇಳಿದೆ. "ಅಯ್ಯೋ ಬಿಡಮ್ಮ, ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರ್ತಿರೋದೇ ಈ ಪುಸ್ತಕ" ಎಂದು ನಕ್ಕರು. ದಿನವೂ ನಿನ್ನದೊಂದು ಲೆಕ್ಕವನ್ನು ಬೋರ್ಡಿನ ಮೇಲೆ ಬರೆಯುತ್ತಾರಂತೆ. ತಪ್ಪು ಹಿಡಿಯಲು ಮಕ್ಕಳು ನಾ ಮುಂದು ತಾ ಮುಂದು ಎಂದು ಕೈಯೆತ್ತುತ್ತಾರೆ. ತಪ್ಪಿಗೇನು ಬರವೇ?

ಇವತ್ತು ಮಾತ್ರ ಎಷ್ಟು ತಡಕಾಡಿದರೂ ತಪ್ಪು ಸಿಗಲಿಲ್ಲ. ನೋಡಿದರೆ, ಪುಸ್ತಕದ ಕೊನೆಯಲ್ಲಿ ಅಚ್ಚಾಗಿರುವ ಉತ್ತರವೇ ತಪ್ಪು, ನಿನ್ನದೇ ಸರಿ! ಇಡೀ ತರಗತಿ ಎದ್ದು ನಿಂತು ಚಪ್ಪಾಳೆ ತಟ್ಟಿತು ಕಣೋ.

ನನ್ನ ನೆಗಡಿ ವಾಸಿಯಾಯಿತೆಂದು ಅಮ್ಮನಿಗೆ ಹೇಳು. ಕಾರ್ಡಿನಲ್ಲಿ ಜಾಗ ಮುಗಿಯುತ್ತಿದೆ. "ಮುಂದಿನ ಕ್ಲಾಸಿನ ಪುಸ್ತಕದಲ್ಲೂ ಆ ಅಣ್ಣ ಪೆನ್ನಲ್ಲೇ ಬರೀತಾನಾ?" ಎಂದು ಮಕ್ಕಳು ಪ್ರಾಣ ತಿನ್ನುತ್ತಿದ್ದಾರೆ. ಹೂಂ ಎಂದುಬಿಟ್ಟಿದ್ದೇನೆ.

ನಿನ್ನ ಅಕ್ಕ