ಹದಿನೆಂಟು ಕೋಚ್‌ಗಳಲ್ಲಿ ಮೊದಲಿಗ

ಕ್ಲಬ್ಬಿನ ಮಾನ್ಯ ಅಧ್ಯಕ್ಷೆ ಶ್ರೀಮತಿ ಟೀಲೆ ಅವರಿಗೆ,

ಫುಟ್‌ಬಾಲ್ ಲೀಗಿನ ಹದಿನೆಂಟು ಕೋಚ್‌ಗಳಲ್ಲಿ ಜನರ ಅಚ್ಚುಮೆಚ್ಚಿನವನು ನಾನೇ ಎಂದು ಪತ್ರಿಕೆಯ ಸಮೀಕ್ಷೆ ಹೇಳಿದೆ. ನೀವು ಕಳಿಸಿದ ಹೂಗುಚ್ಛ ತಲುಪಿತು. ಆದರೆ ನಾವು ಸತತ ಒಂಬತ್ತು ಪಂದ್ಯ ಸೋತಿದ್ದೇವೆ.

ನಿನ್ನೆ ಬ್ರೆಡ್ ಅಂಗಡಿಯಾಕೆ, "ಸೋತ್ರೆ ಸೋತ್ರು ಬಿಡಿ ಸಾಹೇಬ್ರೇ, ನೀವು ನಗ್ತಾ ಇದ್ರೆ ನಮಗಷ್ಟೇ ಸಾಕು" ಎಂದಳು. ನಕ್ಕೆ. ಅಭ್ಯಾಸಕ್ಕೆ ಹೋದರೆ ತಂಡದ ನಾಯಕ ಯೋಸ್ಟ್ ನೆಲ ನೋಡುತ್ತ, "ನೀವು ಒಂದ್ಸಲನಾದ್ರೂ ನಮ್ಮನ್ನ ಬೈಬೇಕಿತ್ತು ಸಾರ್" ಎಂದ. ಬೈಯಲು ನನ್ನಲ್ಲಿ ತ್ರಾಣ ಉಳಿದಿರಲಿಲ್ಲ.

ಜನರಿಗೆ ಹೆದರಿಯೇ ನೀವು ನನ್ನನ್ನು ಕೆಲಸದಿಂದ ತೆಗೆಯದೆ ಇಟ್ಟುಕೊಂಡಿದ್ದೀರೆಂದು ಬಲ್ಲೆ. ಸಹಾಯಕ ಕೋಚ್ ಫೋಲ್ಕರ್ ಯಾರನ್ನೂ ನಗುತ್ತ ಮಾತಾಡಿಸುವವನಲ್ಲ; ಆದರೂ ಆಟಗಾರರು ಅವನ ಮಾತು ಕೇಳುತ್ತಾರೆ. ಸೋಮವಾರದಿಂದ ತಂಡವನ್ನು ಅವನಿಗೆ ಒಪ್ಪಿಸಿ. ಜನ ಕೇಳಿದರೆ, ನಾನೇ ದಣಿದು ಕೆಲಸ ಬಿಟ್ಟೆನೆಂದು ಹೇಳಿ. ಅದು ಸುಳ್ಳಲ್ಲ.

ನಿಮ್ಮ ವಿಧೇಯ,
ಎಕ್‌ಹಾರ್ಟ್