ದೆವ್ವಕ್ಕೆ ಹೂ ಕಟ್ಟಿದವಳಿಗೆ

ಅರಸೀಕೆರೆ

ಪ್ರೀತಿಯ ಶ್ಯಾಮಲಾ,

ಹೊಸ ಆಫೀಸು, ಬಾಡಿಗೆ ಮನೆ, ಇಲ್ಲಿನ ಧೂಳು, ಇಷ್ಟನ್ನೇ ಬರೆದು ಲಕೋಟೆ ಅಂಟಿಸಿಯೂ ಆಗಿತ್ತು. ಮತ್ತೆ ಹರಿದು ಇದನ್ನು ಬರೆಯಲು ಕುಳಿತೆ. ಹೇಳಬೇಕಾದ ಮಾತೇ ಅದರಲ್ಲಿ ಇರಲಿಲ್ಲ. ನೀನು ಬಾಯಿ ಬಿಡದೆ ಇಟ್ಟುಕೊಂಡಿದ್ದನ್ನು ನಾನು ಕೆದಕಬೇಕೋ ಬೇಡವೋ ಎಂದು ಯೋಚಿಸುತ್ತಲೇ ದಿನ ಕಳೆದೆ. ಸುಮ್ಮನಿದ್ದರೆ ನಿನ್ನ ಮನಸ್ಸಿಗೆ ಗೌರವ ಕೊಟ್ಟಂತೆ ಎಂದು ಒಮ್ಮೆ ಅನ್ನಿಸುತ್ತದೆ. ಅದು ಬರೀ ನನ್ನ ಸಂಕೋಚವಿರಬಹುದು ಎಂದೂ ಅನ್ನಿಸುತ್ತದೆ.

ಬೇಲೂರಿನ ನಮ್ಮ ಕಾಫಿ ಆಫೀಸಿನ ಕಂಪ್ಯೂಟರುಗಳಿಗೆಲ್ಲ ಹಾಸನದಿಂದಲೇ ಬೀಗ ಹಾಕಿದ್ದರಲ್ಲ. ಹೊಸದೇನನ್ನೂ ಹಾಕುವಂತಿಲ್ಲ, ಗಡಿಯಾರ ತಪ್ಪಿದ್ದರೆ ತಿದ್ದುವಂತೆಯೂ ಇಲ್ಲ. ಸ್ವಲ್ಪ ಹೊತ್ತು ಮುಟ್ಟದೆ ಬಿಟ್ಟರೆ ಪರದೆಯೂ ಮುಚ್ಚಿಕೊಂಡು ಪಾಸ್‌ವರ್ಡ್ ಕೇಳುತ್ತಿತ್ತು. ಬೆಳೆಗಾರರ ಹೆಸರು, ತೂಕ ಇರುವ ಫೈಲು ಹಾಸನದಿಂದ ಸಂಜೆ ಬರುತ್ತಿತ್ತು. ಐದಕ್ಕೆ ಬಂದರೂ ಬಂತು, ಆರೂವರೆಗೆ ಬಂದರೂ ಬಂತು. ಬಂದ ಮೇಲೆ ಅಷ್ಟನ್ನೂ ಆ ಹಳೆಯ ಪ್ರೋಗ್ರಾಮಿನ ಚೌಕಗಳಲ್ಲಿ ಟೈಪು ಮಾಡಿ, ಎಂಟರ್ ಒತ್ತಿ, ಮುಗಿಸಿಯೇ ಏಳಬೇಕಿತ್ತು. ಅದು ನನ್ನ ಪಾಲಿನ ಕೆಲಸ.

ಆ ವರ್ಷವೇ ಅಮ್ಮನಿಗೆ ಮರೆವು ಹೆಚ್ಚಾದದ್ದು. ಬಸ್ತಿಹಳ್ಳಿಯ ನಮ್ಮ ಮನೆಯಲ್ಲಿ ಹಗಲೆಲ್ಲ ಅತ್ತಿಗೆ ನೋಡಿಕೊಳ್ಳುತ್ತಿದ್ದರು. ಬೆಳಕಿರುವ ತನಕ ನಾನು ಅಮ್ಮನಿಗೆ ಮಗಳು. ದೀಪ ಹಾಕಿದ ಮೇಲೆ ಯಾರೋ ಹೆಂಗಸು. "ಯಾರವ್ವಾ ನೀನು? ಕತ್ಲಾಯ್ತು, ನಿಮ್ಮನೇಗೆ ಹೋಗು" ಎಂದು ನನ್ನ ಕೈ ಸರಿಸುತ್ತಿದ್ದಳು. ನಾಲ್ಕೂವರೆಯ ಹಳೇಬೀಡು ಬಸ್ಸು ಹಿಡಿದರೆ ನಾನು ಅವಳ ಮಗಳಾಗಿ ಮನೆ ಸೇರುತ್ತಿದ್ದೆ. ಫೈಲಿಗೆ ಕಾದು ಕುಳಿತರೆ ಇಲ್ಲ.

ಅದಕ್ಕೇ ಆ ಸ್ಕ್ರಿಪ್ಟು. ಅಷ್ಟೆಲ್ಲ ಬೀಗದ ನಡುವೆ ನೋಟ್‌ಪ್ಯಾಡಿಗೆ ಮಾತ್ರ ಬೀಗವಿರಲಿಲ್ಲ. ಫೈಲು ಬರುವ ತನಕ ಕಾದಿರು, ಬಂದರೆ ತೆರೆ, ಹೆಸರು ಹಾಕು, ತೂಕ ಹಾಕು, ಮುಂದಕ್ಕೆ ಹೋಗು ಎಂದು ಸಾಲಾಗಿ ಅದರಲ್ಲಿ ಅಪ್ಪಣೆಗಳನ್ನು ಬರೆದಿಟ್ಟೆ. ಮೊದಲ ಸಲ ಅಕ್ಷರಗಳು ತಾವೇ ಮೂಡತೊಡಗಿದಾಗ ನೀನು ಕುರ್ಚಿ ಹಿಂದಕ್ಕೆಳೆದುಕೊಂಡಿದ್ದೆ. "ಅಯ್ಯಯ್ಯಪ್ಪಾ, ಕೈಯೇ ಇಲ್ದೆ ಬರೀತೈತಲ್ಲೇ! ಏನೇ ಕಾನ್ವೆಂಟಮ್ಮ, ದೆವ್ವ ಇಟ್ಕಂಡಿದ್ದೀಯಾ?" ನಮ್ಮ ಮ್ಯಾನೇಜರ್ ಮೋಹನ್‌ಕುಮಾರ್ ಬಂದು ನೋಡಿ, "ಕೆಲ್ಸ ಮುಗಿದ್ರೆ ಸಾಕು ಕಣ್ರೀ, ದೆವ್ವ ಆದ್ರೂ ಬರೀಲಿ, ದೇವ್ರಾದ್ರೂ ಬರೀಲಿ" ಎಂದು ನಕ್ಕು ಹೋದರು. ಅಂದಿನಿಂದ ನಾನು ನಾಲ್ಕೂಕಾಲಿಗೆ ಸ್ಕ್ರಿಪ್ಟು ಶುರು ಮಾಡಿ, ಚೀಲ ಹೆಗಲಿಗೇರಿಸಿ, ಬಸ್ ಸ್ಟ್ಯಾಂಡಿಗೆ ಓಡುತ್ತಿದ್ದೆ. ಬೆಳಗ್ಗೆ ಬಂದು ನೋಡಿದರೆ ಎಲ್ಲವೂ ಮುಗಿದಿರುತ್ತಿತ್ತು.

ಪರದೆ ಮುಚ್ಚಿಕೊಳ್ಳುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ. ನಾಟಕದಲ್ಲಿ ಪರದೆ ಬಿದ್ದ ಮೇಲೂ ಒಳಗೆ ಸಾಮಾನು ಸರಿಸುತ್ತಾರಲ್ಲ, ಹಾಗೆ ನನ್ನ ಸ್ಕ್ರಿಪ್ಟೂ ಹಿಂದೆ ಕೆಲಸ ಮಾಡಿಕೊಂಡಿರುತ್ತದೆ ಎಂದು ನಂಬಿದ್ದೆ. ಪರೀಕ್ಷೆ ಮಾಡಿದಾಗಲೆಲ್ಲ ನಾನು ಎದುರಿಗೇ ಕುಳಿತಿದ್ದೆ, ಕೈ ಮೌಸಿನ ಮೇಲೆಯೇ ಇತ್ತು.

ಬೆಳಗ್ಗೆ ನನ್ನ ಮೇಜಿನ ಮೇಲೆ ಬಾಳೆನಾರಿನ ತುಂಡು, ಕನಕಾಂಬರದ ತೊಟ್ಟು, ಮರುಗದ ಎಲೆ ಬಿದ್ದಿರುತ್ತಿದ್ದವು. ಕೀಬೋರ್ಡಿನ ಸಂದಿಯಿಂದ ಅವನ್ನು ಆರಿಸಿ ತೆಗೆದು ನಿನ್ನ ಮೇಲೆ ರೇಗಿದ್ದೆ. "ನಿಂಗೆ ನಿನ್ನ ಮೇಜಿಲ್ವೇನೇ?" ಎಂದರೆ, "ನಿನ್ ದೆವ್ವಕ್ಕೆ ಹೂ ಬ್ಯಾಡ್ವೇನೇ?" ಎಂದೆ ನೀನು. ಆಮೇಲೆ ಬಾಳೆಲೆಯಲ್ಲಿ ಸುತ್ತಿದ ಹೂವಿನ ಮಾಲೆ ತೆಗೆದು ನನ್ನ ಚೀಲಕ್ಕೆ ಹಾಕಿದೆ. "ಅಮ್ಮಂಗೆ" ಎಂದಷ್ಟೇ ಅಂದೆ. ಅಲ್ಲಿಂದ ಅದೇ ರೂಢಿಯಾಯಿತು.

ಅಮ್ಮ ಅದನ್ನು ಮುಡಿಯುತ್ತಿರಲಿಲ್ಲ. ಅಂಗೈಯಲ್ಲಿಟ್ಟುಕೊಂಡು ಮೂಸುತ್ತಿದ್ದಳು. ಒಂದು ಸಂಜೆ ಜಗಲಿಯ ಮೇಲೆ ಕುಳಿತಿದ್ದೆವು. ಎದುರಿನ ಬಸದಿಯ ಗೋಡೆಯ ಮೇಲೆ ಇನ್ನೂ ಬಿಸಿಲಿತ್ತು. ಅಮ್ಮ ಎಳೆಯನ್ನು ಬೆರಳಲ್ಲಿ ಸವರುತ್ತಾ, "ಯಾರು ಕಟ್ಟಿದ್ದು ಮಗಾ? ಕೈ ಬಿಗಿ ಐತೆ" ಅಂದಳು. "ನಮ್ಮ ಆಫೀಸಿನ ಶ್ಯಾಮಲಾ ಕಣಮ್ಮ" ಎಂದೆ. "ಅವ್ಳ್ಗೂ ಮನೆ ಮಠ ಇಲ್ವಾ? ದಿನಾ ಇಷ್ಟೊಂದು ಕಟ್ಟಾಕೆ ಪುರುಸೊತ್ತು ಎಲ್ಲೈತೆ ಅವ್ಳ್ಗೆ?" ನಾನು ನಕ್ಕು, ಅವಳಿಗೇನು ಬೇಕಾದಷ್ಟು ಪುರುಸೊತ್ತು ಎಂದುಬಿಟ್ಟೆ. ಅಮ್ಮ ನನ್ನ ಗಲ್ಲ ಹಿಡಿದು ಅತ್ತಿತ್ತ ತಿರುಗಿಸಿ ನೋಡಿದಳು. "ಬಡವಾಗಿದ್ದೀಯಲ್ಲೇ ಜಯಾ" ಅಂದಳು. ನನ್ನ ಹೆಸರು ಅವಳ ಬಾಯಲ್ಲಿ ಕೇಳಿದ್ದು ಅದೇ ಕೊನೆ. ಆಮೇಲಿನ ದಿನಗಳಲ್ಲಿ ಬೆಳಕಿದ್ದಾಗಲೂ ನಾನು ಅವಳಿಗೆ ಸಿಗಲಿಲ್ಲ. ಯುಗಾದಿಗೆ ಮೊದಲೇ ಹೋಗಿಬಿಟ್ಟಳು.

ನನ್ನ ಬೀಳ್ಕೊಡುಗೆಯ ದಿನ ಮೋಹನ್‌ಕುಮಾರ್ ಸ್ಕ್ರಿಪ್ಟಿನ ಗುಣಗಾನ ಮಾಡಿದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ನೀನು. "ನಿನ್ ದೆವ್ವಾನೂ ಜೊತೇಲೇ ಕರ್ಕಂಡ್ ಹೋಗ್ತೀಯಾ, ಇಲ್ಲೇ ಬಿಟ್ಟೋಗ್ತೀಯಾ?" ಎಂದು ಎಲ್ಲರೆದುರು ಕೇಳಿದ್ದೆ.

ಕರೆದುಕೊಂಡೇ ಬಂದೆ ಶ್ಯಾಮಲಾ. ಇಲ್ಲೂ ಅದೇ ಬೀಗ, ಅದೇ ಸಂಜೆಯ ಫೈಲು. ಮೊನ್ನೆ ಮೊದಲ ಸಲ ಸ್ಕ್ರಿಪ್ಟು ಶುರು ಮಾಡಿ ಮಾರ್ಕೆಟ್ಟಿಗೆ ಹೋದೆ. ಬೆಳಗ್ಗೆ ಬಂದರೆ ಒಂದು ಹೆಸರೂ ಹತ್ತಿರಲಿಲ್ಲ. ಪರದೆ ಪಾಸ್‌ವರ್ಡ್ ಕೇಳುತ್ತಾ ಕುಳಿತಿತ್ತು. ಫೈಲಿಗೆ ಕಾಯುವ ಹೊತ್ತಿನಲ್ಲಿ ಯಾರೂ ಮುಟ್ಟದೆ ಅದು ಮುಚ್ಚಿಕೊಂಡಿತ್ತು. ಮುಚ್ಚಿಕೊಂಡ ಮೇಲೆ ಸ್ಕ್ರಿಪ್ಟಿನ ಅಕ್ಷರಗಳು ಎಲ್ಲಿಗೂ ಹೋಗಿ ಮುಟ್ಟುವುದಿಲ್ಲವಂತೆ. ಹಾಗಾದರೆ ಬೇಲೂರಿನಲ್ಲಿ ಹೇಗೆ ನಡೆಯುತ್ತಿತ್ತು? ಆ ಯೋಚನೆಯಲ್ಲೇ ಕೈ ಕೀಬೋರ್ಡಿನ ಸಂದಿಗೆ ಹೋಯಿತು. ಅಲ್ಲಿ ಹೂವಿನ ತೊಟ್ಟಿರಲಿಲ್ಲ.

ನಿನಗೆ ಫೋನು ಮಾಡುವ ಧೈರ್ಯವಾಗಲಿಲ್ಲ. ವಾಚ್‌ಮನ್ ಗಿಡ್ಡಯ್ಯನಿಗೆ ಮಾಡಿದೆ. "ಅಯ್ಯೋ ಮೇಡಮ್ಮೋರೇ, ನಿಮ್ಗೆ ಗೊತ್ತಿಲ್ವಾ? ಶ್ಯಾಮಲಮ್ಮೋರು ನಿಮ್ ಕುರ್ಚೀಲೇ ಕೂತ್ಕಂಡು ಹೂ ಕಟ್ತಿದ್ರು. ಎರಡು ಗಂಟು ಹಾಕೋದು, ಮೌಸು ಅಲ್ಲಾಡ್ಸೋದು. ಇಲ್ದಿದ್ರೆ ದೆವ್ವ ನಿದ್ದೆ ಹೋಯ್ತದೆ ಗಿಡ್ಡಯ್ಯ ಅನ್ನೋರು" ಎಂದ.

ಆರು ಗಂಟೆಯ ಅರೇಹಳ್ಳಿ ಬಸ್ಸಿನಲ್ಲಿ ಸೀಟು ಸಿಗಲ್ಲ, ಮುಂದಿನದರಲ್ಲಿ ಹೋಗ್ತೀನಿ ಎನ್ನುತ್ತಿದ್ದೆಯಲ್ಲ, ಅದು ಸೀಟಿನ ಮಾತಾಗಿರಲಿಲ್ಲ. ಆ ಸಂಜೆಗಳಲ್ಲೆಲ್ಲ ನಿನ್ನ ಮಗಳು ಶಿಲ್ಪಶ್ರೀ ಪಕ್ಕದ ಮನೆಯಲ್ಲಿ ಕುಳಿತು ನಿನ್ನ ದಾರಿ ಕಾದಿರಬೇಕು. ಮೊದಲ ದಿನ ನಿನಗೆ ಇದು ಹೇಗೆ ಹೊಳೆಯಿತೋ ತಿಳಿಯದು. ದೆವ್ವ ಬರೆಯುವುದನ್ನು ಇನ್ನೊಮ್ಮೆ ನೋಡೋಣವೆಂದು ಕುಳಿತಿದ್ದೆಯೇನೋ. ನನಗೆ ಹೇಳಿದ್ದರೆ ನಾನು ಒಪ್ಪುತ್ತಿರಲಿಲ್ಲ, ನಾನೇ ಉಳಿಯುತ್ತಿದ್ದೆ. ಅದು ಗೊತ್ತಿದ್ದೇ ನೀನು ಹೇಳಲಿಲ್ಲ ಅಲ್ಲವೇ?

ನನ್ನ ಸ್ಕ್ರಿಪ್ಟಿಗೆ ಬರೆಯಲು ಬರುತ್ತಿತ್ತು, ಕಾಯಲು ಬರುತ್ತಿರಲಿಲ್ಲ. ಕಾದವಳು ನೀನು. ಜಗಲಿಯ ಮೇಲಿನ ಆ ಬಿಸಿಲು, ಅಮ್ಮ ಹಿಡಿದ ನನ್ನ ಗಲ್ಲ, ಅವಳು ಕರೆದ ಹೆಸರು ಎಲ್ಲವೂ ನಿನ್ನ ಕೈಯಿಂದ ಬಂದವು. ಹೂವಿನ ಜೊತೆಗೇ ಬಂದಿದ್ದರೂ ನನಗೆ ಹೂ ಮಾತ್ರ ಕಂಡಿತ್ತು. ಪುರುಸೊತ್ತು ಎಲ್ಲೈತೆ ಅವ್ಳ್ಗೆ ಎಂದು ಅಮ್ಮ ಕೇಳಿದ್ದಳಲ್ಲ. ಊರು ಕೇರಿ ಮರೆತವಳಿಗೆ ಹೊಳೆದ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಈಗ ಉತ್ತರ ಗೊತ್ತಾಗಿದೆ, ಹೇಳೋಣವೆಂದರೆ ಅವಳಿಲ್ಲ. ಅದಕ್ಕೇ ನಿನಗೆ ಹೇಳುತ್ತಿದ್ದೇನೆ.

ಈಗ ಸಂಜೆ ಫೈಲಿಗೆ ನಾನೇ ಕಾದು ಕೂರುತ್ತೇನೆ. ನನಗೆ ಬೇಗ ಹೋಗಿ ಸೇರಬೇಕಾದ ಮನೆಯಿಲ್ಲ. ಸ್ಟೇಷನ್ ರಸ್ತೆಯಲ್ಲಿ ಮರುಗ ಸಿಗುತ್ತದೆ. ತಂದು, ಮೌಸು ಅಲ್ಲಾಡಿಸುತ್ತಾ ಕಟ್ಟಲು ಕಲಿಯುತ್ತಿದ್ದೇನೆ. ಒಂದು ತುಂಡು ಇದರೊಳಗೆ ಇಟ್ಟಿದ್ದೇನೆ. ಒಣಗಿದರೂ ವಾಸನೆ ಇರುತ್ತದೆ. ಗಂಟು ಸಡಿಲ, ನಗಬೇಡ. ನಗು, ಪರವಾಗಿಲ್ಲ.

ಪ್ರತಿ ಸಂಜೆಯೂ ಬೆಳಕಿರುವಾಗಲೇ ನೀನು ಮನೆ ಸೇರು ತಾಯಿ. ಬಾಗಿಲಲ್ಲಿ ನಿನ್ನನ್ನು ಹೆಸರು ಹಿಡಿದು ಕರೆಯುವವರು ಸದಾ ಇರಲಿ.

ನಿನ್ನ ಕಾನ್ವೆಂಟಮ್ಮ,
ಜಯಶೀಲಾ

ಈ ಸಲ ಹರಿಯುವುದಿಲ್ಲ. ನಾಳೆ ಬೆಳಗ್ಗೆ ಆಫೀಸಿಗೆ ಹೋಗುವ ದಾರಿಯಲ್ಲೇ ಅಂಚೆಗೆ ಹಾಕುತ್ತೇನೆ: ಬುಧವಾರ, 14 ನವೆಂಬರ್ 2007.